‘ನೆರೆಯವನು’ ಅಂದರೆ ಮಗ್ಗುಲ ಮನೆಯವನೇ?

ಎಲ್ಲರಿಗೂ ನಮಸ್ಕಾರ. ಮೊನ್ನೆ ಮಂಡ್ಯದಲ್ಲಿ ಕ್ರೈಸ್ತ ಸ್ನೇಹಿತರೊಬ್ಬರ ಹೊಸ ಮನೆಯ ಪ್ರಾರ್ಥನೆಗೆ ಹೋಗಿದ್ದೆ, ದೊಡ್ಡಪ್ಪನೂ ಜೊತೆಗಿದ್ದರು. ಫಾದರ್ ‘ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸಬೇಕು’ ಅಂತ ಓದಿದರು. ದೊಡ್ಡಪ್ಪ ನನ್ನ ಕಡೆ ಬಾಗಿ, "ನೆರೆ ಬಂದೋರನ್ನಾ? ಅವ್ರಿಗೆ ಸರ್ಕಾರ ಪರಿಹಾರ ಕೊಡ್ತದಲ್ಲ?" ಅಂದರು.

ನಗು ಬಂತು, ಆದರೆ ತಪ್ಪು ಅವರದ್ದಲ್ಲ. ಕಾವೇರಿ ಉಕ್ಕಿ ಶ್ರೀರಂಗಪಟ್ಟಣದ ಕಡೆ ನೀರು ನುಗ್ಗಿದಾಗ ಪೇಪರಿನಲ್ಲಿ ‘ನೆರೆ’ ಕಾಣುತ್ತದೆ, ಅಷ್ಟೇ. ಪಕ್ಕದವನು ನಮಗೆ ಮಗ್ಗುಲ ಮನೆಯವನು. ಹಾಗಂತ ಬಿಡಿಸಿ ಹೇಳಿದೆ. ಅವರ ಮುಖ ಸಪ್ಪಗಾಯಿತು. ಬದು ಕೆತ್ತಿದ ಅಂತ ಮಗ್ಗುಲ ಗದ್ದೆಯವನ ಜೊತೆ ಎಷ್ಟೋ ವರ್ಷದಿಂದ ಮಾತಿಲ್ಲ. "ಅವನೊಬ್ಬನ್ನ ಬುಟ್ಟು ಮಿಕ್ಕೋರನ್ನ ಪ್ರೀತಿ ಮಾಡ್ಬೋದಾ?" ಅಂದರು.

ಬೈಬಲ್ಲಿನ ಲೂಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಧರ್ಮಶಾಸ್ತ್ರಿ ಕೇಳುವುದೂ ಹೆಚ್ಚುಕಮ್ಮಿ ಇದನ್ನೇ: ನನ್ನ ನೆರೆಯವನು ಯಾರು? ಮೂಲ ಮಾತು ಹಳೆಯ ಒಡಂಬಡಿಕೆಯ ಯಾಜಕಕಾಂಡ 19:18ರದ್ದು. ಅಲ್ಲಿನ ಹೀಬ್ರೂ ಪದ ‘ರೇಅ’, ಅಂದರೆ ಗೆಳೆಯ, ಜೊತೆಯವನು. ಗ್ರೀಕಿನಲ್ಲಿ ಅದು ‘ಪ್ಲೇಸಿಯೋನ್’ ಆಯಿತು, ಹತ್ತಿರದವನು. ನಮ್ಮ ‘ನೆರೆಯವನು’ ಗ್ರೀಕಿನ ಕಡೆಗೇ ಜಾಸ್ತಿ ವಾಲುತ್ತದೆ, ಅಲ್ವಾ?

ಆದರೆ ಯೇಸು ಹೇಳುವ ಕಥೆಯಲ್ಲಿ ಹತ್ತಿರದವರೇ ಕೈಕೊಡುತ್ತಾರೆ. ಯೆರಿಕೋ ದಾರಿಯಲ್ಲಿ ಪೆಟ್ಟು ತಿಂದು ಬಿದ್ದವನನ್ನು ನೋಡಿಯೂ ಯೆಹೂದ್ಯರ ಪೂಜಾರಿಯಾದ ಯಾಜಕ, ಆಮೇಲೆ ದೇವಾಲಯದ ಸೇವೆಯ ಕುಲದ ಲೇವಿಯ, ಇಬ್ಬರೂ ಆಚೆ ಬದಿ ಹಿಡಿದು ಹೋಗುತ್ತಾರೆ. ಯೆಹೂದ್ಯರಿಗೆ ಕಂಡರಾಗದ ಸಮಾರ್ಯದವನೊಬ್ಬ ಬಂದು ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿ, ತನ್ನ ಪಶುವಿನ ಮೇಲೆ ಕೂರಿಸಿಕೊಂಡು ಛತ್ರಕ್ಕೆ ಕರೆದೊಯ್ದು, ಎರಡು ದೆನಾರಿ, ಅಂದರೆ ಎರಡು ದಿನದ ಕೂಲಿ, ಕೊಟ್ಟು ಹೋಗುತ್ತಾನೆ. ಕೊನೆಗೆ ಯೇಸು ಕೇಳುವುದು ಯಾರು ನೆರೆಯವನು ಅಂತಲ್ಲ, ಯಾರು ನೆರೆಯವನಾದನು ಅಂತ.

ನನಗೆ ಸಿಕ್ಕಿಕೊಂಡಿರುವುದು ಈ ‘ಆದನು’. ಮಗ್ಗುಲ ಮನೆಯವನು ಏನೂ ಮಾಡದೆ ಸುಮ್ನೆ ಕೂತರೂ ಮಗ್ಗುಲ ಮನೆಯವನೇ. ಆದರೆ ‘ನೆರೆ’ಗೆ ಕೂಡು, ಸೇರು ಅನ್ನುವ ಅರ್ಥವೂ ಇದೆ, ಜನ ನೆರೆದರು ಅಂತೀವಲ್ಲ. ಹಾಗಾದರೆ ನೆರೆಯವನು ಅಂದರೆ ಬಂದು ಸೇರಿದವನು ಅನ್ನಬಹುದಾ? ಇವೆರಡು ‘ನೆರೆ’ ಒಂದೇ ಬೇರಿನವಾ, ಇಲ್ಲ ನಾನೇ ಎಳೆದು ಗಂಟು ಹಾಕುತ್ತಿದ್ದೀನಾ?

ಇನ್ನೊಂದು, ಇದಕ್ಕೆ ಆಡುಮಾತಿನಲ್ಲಿ ಯಾವ ಪದ ಒಗ್ಗುತ್ತದೆ? ‘ಸಹಮಾನವ’ ಬೇಡ, ಭಾಷಣದ ವಾಸನೆ. ‘ಅಕ್ಕಪಕ್ಕದವರು’ ಅಂದರೆ ಸಮಾರ್ಯದವನು ಹೊರಗುಳಿಯುತ್ತಾನೆ. ‘ಜೊತೆಯವನು’ ಅಂದರೆ ದೊಡ್ಡಪ್ಪ ಗದ್ದೆಯವನನ್ನು ಬಿಟ್ಟೇಬಿಡುತ್ತಾರೆ.