ಪದ ಬೇಕು (ನಾಳೆ ಅಚ್ಚಿಗೆ): ಕುಡಿದು ಸೈಕಲ್ ತುಳಿದರೆ ಅದು ‘ಚಾಲನೆ’ಯೇ?

ಬಲ್ಲವರಿಗೆ ನಮಸ್ಕಾರ. ಜರ್ಮನಿಗೆ ಓದಲು ಬರುವ ನಮ್ಮ ಹುಡುಗರಿಗೆಂದು ಎರಡು ಪುಟದ ಕರಪತ್ರ ಮಾಡುತ್ತಿದ್ದೇನೆ. ಇಲ್ಲಿನ ದಂಡಸಂಹಿತೆಯ 316ನೇ ಕಲಂ ‘ಮೋಟಾರು’ ಅನ್ನುವುದಿಲ್ಲ, ಬರೀ ‘ವಾಹನ’ ಅನ್ನುತ್ತದೆ. ನ್ಯಾಯಾಲಯಗಳು ಹಾಕಿಕೊಂಡ ಗೆರೆ ಹೀಗಿದೆ: ರಕ್ತದಲ್ಲಿ ಮದ್ಯಸಾರ ಸಾವಿರಕ್ಕೆ 1.1 ಮುಟ್ಟಿದರೆ ಕಾರಿನವನು ಸಿಕ್ಕಿಬೀಳುತ್ತಾನೆ, 1.6 ಮುಟ್ಟಿದರೆ ಸೈಕಲ್ಲಿನವನೂ. ‘ಕುಡಿದು ವಾಹನ ಚಾಲನೆ’ ಎಂದು ಬರೆದಿದ್ದೆ. ಕರಡು ಓದಿದ ಧಾರವಾಡದ ಹುಡುಗ, “ಹಂಗಾದ್ರ ಸೈಕಲ್ಲಿಗೆ ಏನೂ ಇಲ್ಲೇನ್ರೀ?” ಅಂದ. ಸೈಕಲ್, ಕುದುರೆಗಾಡಿ, ಕಾರು ಮೂರಕ್ಕೂ ಹೊಂದುವ ಒಂದೇ ಕ್ರಿಯಾಪದ ಬೇಕು.
– ವಿ.

‘ಚಾಲನೆ’ ಬಿಡಿ. ಅದು ಸಚಿವರ ಪಾಲಾಗಿ ಎಷ್ಟೋ ವರ್ಷವಾಯಿತು. ದೀಪ ಹಚ್ಚಿ ‘ಚಾಲನೆ ನೀಡಿದರು’ ಅಂತ ದಿನಾ ಓದುತ್ತೇವಲ್ಲ. ‘ಸವಾರಿ’ ಹಾಕಿ. ಬೈಕ್ ಸವಾರ, ಸೈಕಲ್ ಸವಾರ, ಕುದುರೆ ಸವಾರ ಎಲ್ಲ ಬಳಕೆಯಲ್ಲಿದೆ.
– ಕೃ.

ಸವಾರಿ ಪಾರಸಿ. ನಮ್ಮದೇ ‘ಓಡಿಸು’ ಇರುವಾಗ ಸಾಲ ಯಾಕೆ? ‘ಕುಡಿದೋಡಿಕೆ’ ಎಂದು ಕಟ್ಟಿಕೊಳ್ಳಿ.
– ನಾ.

ಕುಡಿದು ಓಡಿಹೋದ ಹಾಗಿದೆ. ‘ಕುಡಿದವರನ್ನು ಓಡಿಸುವುದು’ ಅಂತಲೂ ಓದಿಕೊಂಡಾರು! ಕಾರಿಗೆ ಸವಾರಿಯೂ ಕೂಡುವುದಿಲ್ಲ. ‘ಕಾರು ಸವಾರ’ ಅಂದವರನ್ನು ನಾನು ಕಂಡಿಲ್ಲ.

ಒಂದೇ ಕ್ರಿಯಾಪದದ ಹಟ ಯಾಕೆ ಎನ್ನುವುದು ನನ್ನ ಪ್ರಶ್ನೆ. ಸೈಕಲ್ ತುಳಿಯುತ್ತೇವೆ, ಗಾಡಿ ಹೊಡೆಯುತ್ತೇವೆ, ಕುದುರೆ ಏರುತ್ತೇವೆ, ಕಾರು ಓಡಿಸುತ್ತೇವೆ. ಕಾನೂನು ಬರೆದ ಇಂಗ್ಲಿಷರಿಗೂ ಒಂದು ಸಾಲಲಿಲ್ಲ. ನಮ್ಮ ಹಳೆಯ ದಂಡಸಂಹಿತೆಯ 279ರಲ್ಲಿ (ಈಗ ನ್ಯಾಯ ಸಂಹಿತೆಯ 281) ವಾಹನ ನಡೆಸುವುದಕ್ಕೊಂದು, ಏರಿ ಹೋಗುವುದಕ್ಕೊಂದು ಕ್ರಿಯಾಪದವಿದೆ. ಬ್ರಿಟನ್ನಿನ 1872ರ ಕಾಯ್ದೆಯಂತೂ ಕುಡಿದು ‘ವಶದಲ್ಲಿಟ್ಟುಕೊಂಡವನು’ ಎಂದು ಗಾಡಿ, ಕುದುರೆ, ದನ, ಹಬೆಯಂತ್ರ ಅಷ್ಟನ್ನೂ ಪಟ್ಟಿ ಮಾಡಿತು. ದನ ಹೊಡೆದುಕೊಂಡು ಹೋಗುವವನಿಗೂ ಬಿಡುಗಡೆಯಿಲ್ಲ.

ಹುಡುಗ ಕೇಳಿದ್ದರಲ್ಲಿ ತಪ್ಪಿಲ್ಲ. ನಮ್ಮಲ್ಲಿ 1988ರ ಕಾಯ್ದೆಯ 185ನೇ ಕಲಂ ಮೋಟಾರು ವಾಹನಕ್ಕೆ ಮಾತ್ರ: 100 ಮಿಲಿ ರಕ್ತದಲ್ಲಿ 30 ಮಿಗ್ರಾಂ ದಾಟಿದರೆ ಮೊದಲ ಸಲ ಆರು ತಿಂಗಳವರೆಗೆ ಸಜೆ, ಇಲ್ಲವೇ 10,000 ರೂಪಾಯಿ ದಂಡ, ಅಥವಾ ಎರಡೂ. ಸೈಕಲ್, ಎತ್ತಿನಗಾಡಿ ಅದರೊಳಗೆ ಬರುವುದಿಲ್ಲ.

ನಮ್ಮ ದೊಡ್ಡಪ್ಪ ಸಂತೆ ಮುಗಿಸಿ ಕುಡಿದು ಬರುವಾಗ ಗಾಡಿಯನ್ನು ಹೊಡೆಯುತ್ತಲೂ ಇರಲಿಲ್ಲ. ಗೋಣಿಚೀಲದ ಮೇಲೆ ಮಲಗಿಬಿಡುತ್ತಿದ್ದ, ಹಗ್ಗ ಕಾಲಿಗೆ ಸುತ್ತಿಕೊಂಡಿರುತ್ತಿತ್ತು. ಎತ್ತುಗಳೇ ಕೆರೆ ಏರಿ ದಾಟಿಸಿ, ಹಿತ್ತಲ ಬಾಗಿಲಿಗೆ ತಂದು ನಿಲ್ಲಿಸುತ್ತಿದ್ದವು. ಅದಕ್ಕೆ ಯಾವ ಕ್ರಿಯಾಪದ ಕೊಡುತ್ತೀರಿ?
– ರಂ.

ದೊಡ್ಡಪ್ಪನ ಕತೆ ಚೆನ್ನಾಗಿದೆ, ನನ್ನ ಮಾತಿಗೆ ಉತ್ತರವಲ್ಲ. ಸವಾರ ಬಂದು ಕೂತ ಮೇಲೆಯೇ ನಮ್ಮ ‘ರಾವುತ’ ಕುದುರೆಯಿಂದ ಇಳಿದದ್ದು.
– ನಾ.

ರಾವುತ ‘ರಾಜಪುತ್ರ’ದಿಂದ ಇಳಿದು ಬಂದವನು, ಸ್ವಾಮಿ. ಪಾರಸಿಯವನನ್ನು ತಳ್ಳಿ ಸಂಸ್ಕೃತದವನನ್ನು ಕೂರಿಸಿದಿರಿ. ‘ಸೈಕಲ್’ ಮಾತ್ರ ನಿಮ್ಮ ಹಿತ್ತಲಲ್ಲೇ ಬೆಳೆದದ್ದೋ?
– ಕೃ.

ಬಳಕೆಯಲ್ಲಿ ಕರಗಿದ್ದು ಬೇರೆ, ಸೋಮಾರಿತನದಿಂದ ತಂದದ್ದು ಬೇರೆ. ಇದನ್ನು ಮತ್ತೆ ವಿವರಿಸಲಾರೆ.
– ನಾ.

ಎಲ್ಲರಿಗೂ ವಂದನೆ. ರಂ. ಅವರ ಮಾತು ಹಿಡಿದು ಹೀಗೆ ಕಳಿಸಿದೆ: “ಇಲ್ಲಿ ಕುಡಿದು ಕಾರು ಓಡಿಸಿದರೂ, ಗಾಡಿ ಹೊಡೆದರೂ, ಸೈಕಲ್ ತುಳಿದರೂ ಅಪರಾಧವೇ.” ಕುದುರೆ ಏರುವುದನ್ನು ಬಿಟ್ಟೆ. 316ರ ಮಟ್ಟಿಗೆ ಕುದುರೆ ವಾಹನವಲ್ಲ, ಕುದುರೆಗಾಡಿ ವಾಹನ. 2014ರಲ್ಲಿ ಓಲ್ಡೆನ್‌ಬುರ್ಗ್ ನ್ಯಾಯಾಲಯ ಗಾಡಿ ಹೊಡೆಯುವವನಿಗೂ ಕಾರಿನವನ 1.1ನ್ನೇ ಗೊತ್ತುಮಾಡಿತು.
– ವಿ.

‘ಅಪರಾಧ’ ಸಂಸ್ಕೃತ. ‘ತಪ್ಪು’ ಸಾಲದಾಯಿತೇ?
– ನಾ.