ಅಪ್‌ಡೇಟ್: ನರ್ಸಿಂಗ್ ಬದಲು ಇತಿಹಾಸ ಓದಬಯಸಿದ ನನ್ನ ವಿದ್ಯಾರ್ಥಿನಿಯ ವಿಚಾರ

ಕ್ಯಾಲಿಫೋರ್ನಿಯಾದ ಡೇಲಿ ಸಿಟಿಯಲ್ಲಿ ನನ್ನ ಬಳಿ ಗಣಿತ ಕಲಿಯುವ ಫಿಲಿಪಿನೋ ಮೂಲದ ಹುಡುಗಿಯೊಬ್ಬಳು, ನರ್ಸಿಂಗ್ ಸೇರಲೇಬೇಕೆನ್ನುವ ಮನೆಯವರಿಗೆ ಇತಿಹಾಸ ಓದುವ ತನ್ನ ಆಸೆಯನ್ನು ಹೇಗೆ ತಿಳಿಸಬೇಕೆಂದು ಕೇಳಿದ್ದಳು. ಆ ಪ್ರಶ್ನೆಯನ್ನು ನಾನು ನಿಮ್ಮ ಮುಂದಿಟ್ಟಾಗ, ಮೊದಲು ಅಜ್ಜಿಯ ಕಥೆಯನ್ನು ಕೇಳಲಿ ಎಂದು ಹಲವರು ಸಲಹೆ ನೀಡಿದಿರಿ. ಅವಳು ಹಾಗೆಯೇ ಮಾಡಿದಳು.

ಫಿಲಿಪ್ಪೀನ್ಸ್ ಅಮೆರಿಕದ ವಸಾಹತಾಗಿದ್ದಾಗಲೇ ಅಲ್ಲಿ ಅಮೆರಿಕನ್ ಮಾದರಿಯ ನರ್ಸಿಂಗ್ ಶಾಲೆಗಳು ಆರಂಭವಾಗಿದ್ದವು. ಅಮೆರಿಕದ 1965ರ ವಲಸೆ ಕಾಯ್ದೆಯು ರಾಷ್ಟ್ರೀಯ ಮೂಲದ ಆಧಾರದ ಕೋಟಾವನ್ನು ರದ್ದುಪಡಿಸಿದ ಮೇಲೆ ಇಲ್ಲಿಗೆ ಬಂದ ಸಾವಿರಾರು ನರ್ಸ್‌ಗಳಲ್ಲಿ ಅವಳ ಅಜ್ಜಿಯೂ ಒಬ್ಬರು. ರಾತ್ರಿ ಪಾಳಿಯ ಸಂಬಳದಿಂದ ತಮ್ಮಂದಿರನ್ನು ಓದಿಸಿದ ಅವರಿಗೆ ಆ ವೃತ್ತಿಯೆಂದರೆ ಇಡೀ ಮನೆತನಕ್ಕೆ ಸಿಕ್ಕ ಆಸರೆ. ಮನೆಯವರ ಹಟದ ಹಿಂದಿರುವ ಈ ಚರಿತ್ರೆಯನ್ನೇ ತಾನು ಓದಬಯಸುವುದಾಗಿ ಮೊಮ್ಮಗಳು ಹೇಳಿದಾಗ ಅಜ್ಜಿ ಬಹಳ ಹೊತ್ತು ಪ್ರಶ್ನೆಗಳನ್ನು ಕೇಳಿದರಂತೆ.

ಹದಿನೆಂಟು ತುಂಬಿದ ಹುಡುಗಿಗೆ ಫಿಲಿಪಿನೋ ಕುಟುಂಬಗಳು ನಡೆಸುವ ‘ಡೆಬ್ಯೂ’ ಸಮಾರಂಭದಲ್ಲಿ, ಹದಿನೆಂಟು ಮಂದಿ ಹೆಂಗಸರು ಒಬ್ಬೊಬ್ಬರಾಗಿ ಮೇಣದಬತ್ತಿ ಹಚ್ಚಿ ಹಾರೈಸುವ ಪದ್ಧತಿಯಿದೆ. ತಮ್ಮ ಸರದಿ ಬಂದಾಗ ಅಜ್ಜಿ, ಅವಳಿಗಿಷ್ಟವಾದುದನ್ನೇ ಓದಲಿ ಎಂದು ಎಲ್ಲರೆದುರು ಹೇಳಿದರು. ನನಗೆ ಇದು ಅತ್ಯಂತ ದೊಡ್ಡ ಬೆಂಬಲವೆನಿಸಿತು.

ತಾಯಿಗೆ ಇನ್ನೂ ಪೂರ್ಣ ಸಮಾಧಾನವಿಲ್ಲ. ಮಗಳ ಭವಿಷ್ಯದ ಬಗ್ಗೆ ಅವರಿಗಿರುವ ಆತಂಕವನ್ನು ನಾನು ಗೌರವಿಸುತ್ತೇನೆ. 1968ರ ವಿದ್ಯಾರ್ಥಿ ಮುಷ್ಕರದ ಫಲವಾಗಿ ಜನಾಂಗೀಯ ಅಧ್ಯಯನ (ಅಮೆರಿಕದ ಅಲ್ಪಸಂಖ್ಯಾತ ಸಮುದಾಯಗಳ ಚರಿತ್ರೆ, ಸಂಸ್ಕೃತಿಗಳ ಅಧ್ಯಯನ) ಕಾಲೇಜನ್ನು ಪಡೆದ ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಅವಳು ಅರ್ಜಿ ಹಾಕುತ್ತಿದ್ದಾಳೆ. ಮೊದಲ ವರ್ಷ ಜೀವಶಾಸ್ತ್ರವನ್ನೂ ತೆಗೆದುಕೊಳ್ಳಬೇಕೆಂಬ ತಾಯಿಯ ಷರತ್ತಿಗೆ ಒಪ್ಪಿದ್ದಾಳೆ.