ಏರುದಾರಿಯಲ್ಲಿ ಮುಗ್ಗರಿಸುವ ಕಾರು: ದೋಷ ಎಲ್ಲಿರಬಹುದು?

ಪ್ರಶ್ನೆ: ನನ್ನ ಸಣ್ಣ ಪೆಟ್ರೋಲ್ ಕಾರಿನ ಎಂಜಿನ್ ಐಡಲ್‌ನಲ್ಲಿ (ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ) ಸರಾಗವಾಗಿರುತ್ತದೆ, ಆದರೆ ಏರುದಾರಿಯಲ್ಲಿ ಆಕ್ಸಿಲರೇಟರ್ ಒತ್ತಿದೊಡನೆ ಜರ್ಕ್ ಹೊಡೆದು ಶಕ್ತಿ ಕಳೆದುಕೊಳ್ಳುತ್ತದೆ, ಎಂಜಿನ್ ದೀಪವೂ ಮಿನುಗುತ್ತದೆ. ಸ್ಪಾರ್ಕ್ ಪ್ಲಗ್‌ಗಳು ಹೊಸವು. ಮುಂದೆ ಏನನ್ನು ಪರೀಕ್ಷಿಸಬೇಕು?

ಉತ್ತರ 1: ದೀಪ ಮಿನುಗುವಾಗ ದಯವಿಟ್ಟು ಗಾಡಿಯನ್ನು ಜೋರಾಗಿ ಓಡಿಸಬೇಡಿ, ಉರಿಯದೆ ಉಳಿದ ಪೆಟ್ರೋಲ್ ಹೊಗೆಯನ್ನು ಶುದ್ಧೀಕರಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಅತಿಯಾಗಿ ಕಾಯಿಸಿ ಕೆಡಿಸಬಲ್ಲದು. ದೋಷದ ಕೋಡ್ ಓದುವ ಸ್ಕ್ಯಾನರ್‌ನಲ್ಲಿ ಪಿ0302 ಎಂದು ಬಂದರೆ ದೋಷ 2ನೇ ಸಿಲಿಂಡರಿನದು. ಪ್ರತಿ ಸಿಲಿಂಡರಿಗೂ ಪ್ರತ್ಯೇಕ ಇಗ್ನಿಷನ್ ಕಾಯಿಲ್ (ಪ್ಲಗ್‌ಗೆ ಕಿಡಿಯ ವಿದ್ಯುತ್ ಕೊಡುವ ಭಾಗ) ಇದ್ದರೆ, 2ನೇ ಸಿಲಿಂಡರಿನ ಕಾಯಿಲನ್ನು 3ನೆಯದರೊಂದಿಗೆ ಅದಲುಬದಲು ಮಾಡಿ; ಕೋಡ್ ಪಿ0303 ಆಗಿ ಬದಲಾದರೆ ಕಾಯಿಲೇ ಕೆಟ್ಟಿದೆ.

ಉತ್ತರ 2: ಪಿ0300, ಅಂದರೆ ಒಂದೇ ಸಿಲಿಂಡರಿಗೆ ಸೀಮಿತವಲ್ಲದ ದೋಷದ ಕೋಡ್, ಬಂದರೆ ಇಂಧನದ ಒತ್ತಡವನ್ನು ಎಂಜಿನ್ ಮೇಲೆ ಭಾರವಿರುವಾಗಲೇ ಅಳೆಸಿ, ಏಕೆಂದರೆ ಕಟ್ಟಿಕೊಂಡ ಫಿಲ್ಟರ್ ಅಥವಾ ದುರ್ಬಲವಾದ ಪಂಪ್ ಐಡಲ್‌ಗೆ ಸಾಕಾಗುವಷ್ಟು ಪೆಟ್ರೋಲ್ ಒದಗಿಸಿ ಏರಿನಲ್ಲಿ ಸೋಲುತ್ತದೆ. ಪರೀಕ್ಷಿಸದೆ ಬಿಡಿಭಾಗ ಕೊಳ್ಳಬೇಡಿ.